ಒಂದೇ ಆಂಪ್ಲಿಫೈಯರ್, ಬಯಲ ತುಂಬ ಹಾರ್ನು

ಸವದತ್ತಿ ತಾಲ್ಲೂಕಿನ ಹೂಲಿಗೆ ಬಂದವರು ಪಂಚಲಿಂಗೇಶ್ವರ ಗುಡಿಯ ಚಾಲುಕ್ಯ ಕೆತ್ತನೆ ನೋಡಿ ಮರಳುವುದು ವಾಡಿಕೆ. ಅವರ ಕಣ್ಣಿಗೆ ಬೀಳದ ಕಸುಬೊಂದು ಇಲ್ಲಿದೆ: ಈ ಸೀಮೆಯ ಜಾತ್ರೆಯ ಪ್ರವಚನ, ರಾತ್ರಿಯಿಡೀ ನಡೆಯುವ ಪಾರಿಜಾತದಾಟ ಹಿಂದಿನ ಸಾಲಿನ ಮುದುಕಿಗೂ ಮುಟ್ಟುವುದು ಮೈಕ್‌ಸೆಟ್ಟಿನವರ ಕೈಗುಣದಿಂದ. ಡಿಜೆ ಪೆಟ್ಟಿಗೆ ಬಂದ ಮೇಲೆ ಈ ಕಸುಬು ಹಳತಾಯಿತು ಎನ್ನುವವರಿದ್ದಾರೆ. ಕುಣಿತಕ್ಕೆ ಆ ಮಾತು ಸರಿ ಇರಬಹುದು, ಮಾತು ಕೇಳಿಸಬೇಕಾದಲ್ಲಿ ಸರಿಯಲ್ಲ. ಬಯಲಲ್ಲಿ ದೂರ ದುಪ್ಪಟ್ಟಾದರೆ ಶಬ್ದ 6 ಡೆಸಿಬಲ್ ಇಳಿಯುತ್ತದೆ. ಅದನ್ನು ಒಂದೇ ಕಡೆಯಿಂದ ತುಂಬಿಕೊಡಲು 4 ಪಟ್ಟು ವಾಟ್ ಬೇಕು. ಅಷ್ಟರಲ್ಲಿ ಮುಂದೆ ಕೂತವರ ಕಿವಿ ಕಿತ್ತುಹೋಗಿರುತ್ತದೆ. ಸಣ್ಣ ದನಿಯ ಹಾರ್ನುಗಳನ್ನು ಕಂಬಕ್ಕೊಂದರಂತೆ ಹಂಚುವುದೇ ಜಾಣತನ.

ಹಂಚುವ ಕೆಲಸದಲ್ಲೇ ಕಸುಬಿನ ಗುಟ್ಟಿದೆ. 8 ಓಮ್‌ನ 4 ಸ್ಪೀಕರುಗಳನ್ನು ಪ್ಯಾರಲಲ್ಲಾಗಿ ಜೋಡಿಸಿದರೆ ಒಟ್ಟು ಉಳಿಯುವುದು 2 ಓಮ್. 4 ಓಮ್‌ಗೆಂದು ಮಾಡಿದ ಆಂಪ್ಲಿಫೈಯರ್ ಕಾದು ಕೆಡುತ್ತದೆ. ಆಂಪ್ಲಿಫೈಯರಿನ ಬೆನ್ನಿಗಿರುವ ತಿರುಪುಗಳ ಸಾಲು ನೋಡಿ: ಕಾಮನ್, 4, 8, 16 ಓಮ್, ಆಮೇಲೆ 70 ಮತ್ತು 100 ವೋಲ್ಟ್. ಬಲ್ಲವನ ಕೈ ಕೊನೆಯದಕ್ಕೇ ಹೋಗುತ್ತದೆ. ವೋಲ್ಟ್ ಹೆಚ್ಚಿದಷ್ಟೂ ಅದೇ ವಾಟ್‌ಗೆ ತಂತಿಯಲ್ಲಿ ಹರಿಯುವ ಕರೆಂಟ್ ಕಡಿಮೆ. ವಿದ್ಯುತ್ ಕಂಪನಿ ಹೆಸ್ಕಾಂನವರು ದೂರದೂರಿಗೆ 11,000 ವೋಲ್ಟಿನ ತಂತಿ ಎಳೆಯುವುದೂ ಇದೇ ಲೆಕ್ಕದಿಂದ. 120 ವಾಟ್ ಅನ್ನು 8 ಓಮ್‌ನಲ್ಲಿ ಕಳಿಸಿದರೆ ತಂತಿಯಲ್ಲಿ ಸುಮಾರು 3.9 ಆಂಪಿಯರ್ ಹರಿಯುತ್ತದೆ, 100 ವೋಲ್ಟಿನಲ್ಲಿ 1.2 ಮಾತ್ರ. ಅದೇ ತಂತಿಯಲ್ಲಿ ನಷ್ಟ ಹತ್ತನೇ ಒಂದು ಪಾಲಿಗಿಳಿಯುತ್ತದೆ. ಹಾರ್ನಿಗೊಂದು ಪುಟ್ಟ ಲೈನ್ ಟ್ರಾನ್ಸ್‌ಫಾರ್ಮರ್ ಕೂಡಿಸಿ, ಅದರ ಟ್ಯಾಪಿನಲ್ಲಿ ಹಾರ್ನಿಗೆಷ್ಟು ವಾಟ್ ಎಂದು ಆರಿಸಿ, ಆ ವಾಟ್‌ಗಳನ್ನು 120 ತುಂಬುವವರೆಗೆ ಕೂಡುತ್ತ ಹೋದರಾಯಿತು: 15 ವಾಟಿನವು 8, ಇಲ್ಲವೆ 10ರವು 12. ಓಮ್ ಭಾಗಿಸುವ ತಲೆನೋವಿಲ್ಲ. ಪ್ಲಸ್‌ಗೆ ಪ್ಲಸ್ ಸೇರಿಸುವುದನ್ನು ಮರೆತರೆ ಮಾತ್ರ ಎರಡು ಹಾರ್ನಿನ ನಡುವೆ ದನಿ ಸೊರಗುತ್ತದೆ.

ಹತ್ತಾರು ಹಾರ್ನಾದರೆ ಮಾತು ಎರಡೆರಡು ಸಲ ಕೇಳಿಸುತ್ತದೆಂಬ ಆಕ್ಷೇಪ ಸುಳ್ಳಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 34 ಮೀಟರ್ ಆಚೆಯ ಹಾರ್ನಿನ ದನಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗುತ್ತದೆ. ಎಲ್ಲ ಹಾರ್ನಿನ ಬಾಯನ್ನೂ ವೇದಿಕೆಯಿಂದ ಹೊರಕ್ಕೆ, ಒಂದೇ ದಿಕ್ಕಿಗೆ ತಿರುಗಿಸಿ ಟ್ಯಾಪ್ ಇಳಿಸಿದರೆ ಹತ್ತಿರದ್ದು ದೂರದ್ದನ್ನು ಮುಚ್ಚುತ್ತದೆ. ಪೂರ್ತಿ ಹೋಗುವುದಿಲ್ಲ, ಆದರೆ ಮಾತು ತಿಳಿಯುತ್ತದೆ. ಒಂದೇ ಆಂಪ್ಲಿಫೈಯರ್ ಕೈಕೊಟ್ಟರೆ ಎಲ್ಲವೂ ಮೌನ ಎಂಬುದೂ ನಿಜ. ಅದಕ್ಕೆ ಇನ್ನೊಂದನ್ನು ಜೊತೆಗಿಟ್ಟುಕೊಳ್ಳುವುದೇ ದಾರಿ.

2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಅದರ ಹತ್ತಿರಕ್ಕಾದರೂ ಬರಬಲ್ಲದ್ದು ಹಂಚಿದ ಸಣ್ಣ ದನಿಯೇ. ಜಾತ್ರಾ ಕಮಿಟಿಯವರು ಮುಂದಿನ ಸಲ ಬಾಡಿಗೆ ಕುದುರಿಸುವಾಗ ಎಷ್ಟು ವಾಟ್ ಎನ್ನದೆ, ಎಷ್ಟು ಹಾರ್ನು, ಎಲ್ಲೆಲ್ಲಿ ಕಟ್ಟುತ್ತೀರಿ ಎಂದು ಕೇಳಲಿ.