ಮಳೆಯಿಲ್ಲದ ವಾರದಲ್ಲಿ ಅಡಿಕೆಗೆ ನೀರಿನ ಲೆಕ್ಕ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಏಪ್ರಿಲ್ ಕೊನೆಯ ವಾರವೆಂದರೆ ಸಾಮಾನ್ಯವಾಗಿ ಬಿರುಬಿಸಿಲು, ಎಲೆ ಅಲುಗದ ಮಧ್ಯಾಹ್ನ. 25ರಿಂದ 27ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿರುತ್ತಾನೆ. ಗೌರಿಬಿದನೂರು ಚಿಕ್ಕಬಳ್ಳಾಪುರಕ್ಕಿಂತ ಸುಮಾರು 200 ಮೀಟರ್ ತಗ್ಗಿನಲ್ಲಿರುವುದರಿಂದ ಅಲ್ಲಿ ಸೆಕೆ ಒಂದು ಡಿಗ್ರಿಗೂ ಮೇಲೆ ಹೆಚ್ಚು.

ಗಾಳಿಯಿಲ್ಲ, ಮಳೆಯಿಲ್ಲ, ತೋಟಕ್ಕೇನೂ ತೊಂದರೆಯಿಲ್ಲವೆಂದು ಭಾವಿಸಬಾರದು. ದಿನಕ್ಕೆ 6 ಮಿಲಿಮೀಟರ್ ತೇವ ಆರಿದರೆ ಎಕರೆಗೆ ಸುಮಾರು 24,000 ಲೀಟರ್ ನೀರು ಹೋದಂತೆ. ಈಗ ನೀರು ಕೊರತೆಯಾದರೆ ಎಳೆಕಾಯಿ ಉದುರಿ, ನಷ್ಟವು ಕೊಯ್ಲಿನಲ್ಲಿ ಕಾಣಿಸಿಕೊಳ್ಳುತ್ತದೆ.

ನಮ್ಮಲ್ಲಿ ಎಷ್ಟೋ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಆದುದರಿಂದ ಲೆಕ್ಕವಿಟ್ಟು ನೀರು ಕೊಡಬೇಕು. ಹಾಯಿನೀರಾದರೆ ಮಾರ್ಚ್‌ನಿಂದ ಮೇ ವರೆಗೆ 3ರಿಂದ 5 ದಿನಕ್ಕೊಮ್ಮೆ ಮರವೊಂದಕ್ಕೆ 175 ಲೀಟರ್ ಬೇಕು. ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಸಾಕು. ಬುಡವಷ್ಟೇ ನೆನೆದು, ಸುತ್ತಲಿನ ನೆಲದಿಂದ ನೀರು ಆವಿಯಾಗದಿರುವುದೇ ಇದಕ್ಕೆ ಕಾರಣ. ಬುಡಕ್ಕೆ ಸೋಗೆ, ಒಣಹುಲ್ಲು ಮುಚ್ಚಿರಿ. ಸಂಜೆ ಅಥವಾ ಬೆಳಗಿನ ಜಾವ ನೀರು ಬಿಡಿರಿ. ಒಣ ನೆಲಕ್ಕೆ ಗೊಬ್ಬರ ಹಾಕದೆ ಹದಮಳೆಗೆ ಕಾಯಿರಿ.

ಇಂಥ ಸೆಕೆಯ ಬೆನ್ನಿಗೇ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿ ಗುಡುಗು, ಆಲಿಕಲ್ಲು ಬರುವುದುಂಟು. ಆಗ ಮರದಡಿ ನಿಲ್ಲಬೇಡಿ.

ಭರಣಿಯ ಮೊದಲ ಮಳೆ ಬಿತ್ತೆಂದು ಪಂಪು ನಿಲ್ಲಿಸುವ ಅವಸರವೂ ಬೇಡ. 10 ಮಿಲಿಮೀಟರ್ ಮಳೆಯೆಂದರೆ ಎಕರೆಗೆ 40,000 ಲೀಟರ್. ಮೇಲಿನ ಲೆಕ್ಕದಲ್ಲಿ ಅದು ಎರಡು ದಿನದ ಖರ್ಚಿಗೂ ಸಾಲದು. ಬುಡದ ಮಣ್ಣನ್ನು ಒಂದು ಅಡಿ ಅಗೆದು, ಹಸಿ ಎಷ್ಟು ಇಳಿದಿದೆಯೆಂದು ನೋಡಿ ತೀರ್ಮಾನಿಸಿರಿ.

— ಕಾರ್ಯದರ್ಶಿ