ಹಬೆಯ ಶುದ್ಧಿಪಾತ್ರೆಯೂ ಅದರ ಸೋರಿಕೆಯೂ

ಹಲ್ಲು ಕೀಳಿಸಿಕೊಳ್ಳಲು ಹೋದ ಗೃಹಸ್ಥನು ಇಕ್ಕಳವನ್ನು ಕಂಡು ಬೆದರುವನೇ ಹೊರತು, ಅದು ಯಾವ ಪಾತ್ರೆಯಿಂದ ಹೊರಬಂದಿತೆಂದು ವಿಚಾರಿಸುವವನಲ್ಲ. ವಿಚಾರಿಸತಕ್ಕುದು ಅದನ್ನೇ. ನಮ್ಮ ಕೊಟ್ಟೂರಿನಂತಹ ಊರುಗಳ ಸಣ್ಣ ಚಿಕಿತ್ಸಾಲಯಗಳಲ್ಲಿ ತಿರುಪಿನ ಮುಚ್ಚಳವೂ ಒತ್ತಡಮಾಪಕವೂ ಉಳ್ಳ ದಪ್ಪ ಲೋಹದ ಪಾತ್ರೆಯೊಂದನ್ನು ಕಾಣಬಹುದು. ಆಟೋಕ್ಲೇವ್ ಎಂದು ಅದರ ಹೆಸರು. ಪಾಶ್ಚರ್ ಪಂಡಿತನ ಸಹಕಾರಿಯಾದ ಶಾಂಬರ್ಲಾನನು 1879ರಲ್ಲಿ ಇದನ್ನು ರೂಪಿಸಿದನು. ನಮ್ಮ ಅಡಿಗೆಮನೆಯ ಕುಕ್ಕರು ಇದರ ದಾಯಾದಿ. 1679ರಲ್ಲಿ ದೆನಿ ಪಾಪೆನನು ಮೂಳೆ ಬೇಯಿಸಲು ಮಾಡಿದ ಪಾತ್ರೆಯೇ ಎರಡಕ್ಕೂ ಮೂಲ.

ಬರಿಯ ಕುದಿನೀರು ಸಾಲದೆ ಎಂದರೆ, ಸಾಲದು. ಧನುರ್ವಾಯುವಿನ ಕ್ರಿಮಿಯಂತಹವು ಗಟ್ಟಿ ಕವಚದ ಬೀಜಾಣುಗಳಾಗಿ ಕುದಿನೀರನ್ನೂ ಸಹಿಸಿಯಾವು. ಹಬೆಯನ್ನು ಸೆರೆಹಿಡಿದು ಚದರ ಅಂಗುಲಕ್ಕೆ 15 ಪೌಂಡು ಒತ್ತಡವಾಗುವಂತೆ ಮಾಡಿದರೆ ಉಷ್ಣತೆಯು 121 ಡಿಗ್ರಿಗೆ ಏರುವುದು. ಅಲ್ಲಿ 15ರಿಂದ 20 ನಿಮಿಷ ನಿಂತರೆ ಅವು ಸಾಯುವುವು. ಒತ್ತಡವು 10 ಪೌಂಡಿಗೆ ಇಳಿದರೆ ಉಷ್ಣತೆ 115 ಮಾತ್ರ. ಸಂಸ್ಕೃತದಲ್ಲಿ ಬಾಷ್ಪವೆಂದರೆ ಆವಿಯೂ ಹೌದು, ಕಣ್ಣೀರೂ ಹೌದು; ಸೋರುವ ಯಂತ್ರದ ವಿಷಯದಲ್ಲಿ ಎರಡರ್ಥವೂ ಸಲ್ಲುತ್ತವೆ. ಏಕೆಂದರೆ ಅರೆಬೆಂದ ಉಪಕರಣವೂ ಬಿಸಿಯಾಗಿ, ಹೊಳೆಯುತ್ತಲೇ ಹೊರಬರುವುದು. ಕಣ್ಣಿಗೆ ಭೇದವೇ ತಿಳಿಯದು.

ಆರಂಭದಲ್ಲಿ ನಲ್ಲಿಯಿಂದ ಹೊರಡುವ ಹಬೆಯೆಲ್ಲ ಸೋರಿಕೆಯಲ್ಲ. ಒಳಗಿನ ಗಾಳಿಯು ಹೋಗಲೆಂದೇ ಆ ನಲ್ಲಿಯನ್ನು ತೆರೆದಿಡುತ್ತಾರೆ. ಹೊಸ ಸಹಾಯಕನು ಹಬೆ ವ್ಯರ್ಥವಾಗುವುದೆಂದು ಅವಸರದಿಂದ ಮುಚ್ಚಿದರೆ, ಉಳಿದ ಗಾಳಿಯ ದೆಸೆಯಿಂದ ಮುಳ್ಳು 15ನ್ನು ತೋರಿಸಿದರೂ ಉಷ್ಣತೆ 121ಕ್ಕೆ ಮುಟ್ಟದು. ಹಬೆಯು ಧಾರೆಯಾಗಿ ಎಡೆಬಿಡದೆ ಹೊರಡತೊಡಗಿದ ಮೇಲೆಯೇ ನಲ್ಲಿಯನ್ನು ಮುಚ್ಚತಕ್ಕುದು.

ನಿಜವಾದ ಸೋರಿಕೆಯಾದರೆ, ಸ್ಥಳವನ್ನು ಮೊದಲು ಗುರುತಿಸಬೇಕು. ಕೈಯನ್ನಂತೂ ಒಡ್ಡಬಾರದು, ಬಿರುಕಿನ ಬಾಯಲ್ಲಿ ಹಬೆಯು ಕಣ್ಣಿಗೆ ಕಾಣದು, ತುಸು ದೂರ ಹೋದ ಮೇಲೆಯೇ ಬೆಳ್ಳಗಾಗುವುದು. ಉದ್ದ ಹಿಡಿಯ ತಣ್ಣನೆಯ ಸೌಟನ್ನು ಹತ್ತಿರ ಹಿಡಿದರೆ ಅದರ ಮೇಲೆ ಕೂಡುವ ಮಂಜೇ ಸಾಕ್ಷಿ ಹೇಳುವುದು. ಬಳಿಕ ಬೆಂಕಿಯನ್ನು ತೆಗೆದು, ಮುಳ್ಳು ಸೊನ್ನೆಗೆ ಇಳಿದು ಪಾತ್ರೆ ತಣಿಯುವ ತನಕ ತಿರುಪನ್ನು ಮುಟ್ಟಬಾರದು; ಒತ್ತಡವಿರುವಾಗ ಬಿಗಿಯುವುದೂ ಅಪಾಯವೇ.

ಬಹುಮಟ್ಟಿಗೆ ದೋಷವಿರುವುದು ಮುಚ್ಚಳದ ರಬ್ಬರು ಬಳೆಯಲ್ಲಿ. ಅದನ್ನು ಕಳಚಿ ತೊಳೆದು, ಗಾಡಿಯಲ್ಲಿ ಹತ್ತಿಯ ಎಳೆಯಾಗಲಿ ಕಸವಾಗಲಿ ಸಿಕ್ಕಿದೆಯೇ ಎಂದು ನೋಡಬೇಕು. ಬಳೆಯನ್ನು ಬಗ್ಗಿಸಿದಾಗ ಸೀಳು ಕಂಡರೆ, ಅಥವಾ ಅದು ಮರಗಟ್ಟಿದ್ದರೆ, ಆ ಯಂತ್ರಕ್ಕೆ ಒಪ್ಪುವ ಹೊಸ ಬಳೆಯೇ ಬೇಕು. ಅಂಟಿನ ತೇಪೆ ನಿಲ್ಲದು. ತಿರುಪುಗಳನ್ನು ಒಂದರ ಪಕ್ಕದ್ದನ್ನಲ್ಲ, ಎದುರುಬದುರಾದ ಜೋಡಿಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಇಲ್ಲವಾದರೆ ಮುಚ್ಚಳವು ಓರೆಯಾಗುವುದು.

ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರು ನೀರೊಲೆಯ ಹಂಡೆಗೆ ಮಾಡುವುದನ್ನು ಇಲ್ಲಿಯೂ ಮಾಡುತ್ತದೆ: ವಾಲ್ವಿನ ಪೀಠದ ಮೇಲೆ ಸುಣ್ಣದ ಹೆಪ್ಪು ಕೂತು, ಅದು ಸರಿಯಾಗಿ ಮುಚ್ಚಿಕೊಳ್ಳದು. ಆದುದರಿಂದ ಬಟ್ಟಿಯಿಳಿಸಿದ ನೀರನ್ನೇ ಬಳಸತಕ್ಕುದು. ಆದರೆ ರಕ್ಷಣಾ ವಾಲ್ವು ಹಬೆಯುಗುಳಿದರೆ ಅದರ ಮೇಲೆ ಕಲ್ಲು ಹೇರುವುದು, ತಂತಿ ಬಿಗಿಯುವುದು ಕೊಲೆಗೆ ಸಮಾನವಾದ ಅವಿವೇಕ. ಒತ್ತಡ ಮಿತಿಮೀರಿದಾಗ ತೆರೆಯುವುದೇ ಅದರ ಧರ್ಮ. ಮಿತಿಯೊಳಗೇ ಸೋರಿದರೆ ಬಲ್ಲ ಮೆಕ್ಯಾನಿಕ್ಕನು ಬದಲಾಯಿಸಲಿ.

ನಡುವೆ ಒತ್ತಡವಿಳಿದ ತಂಡದ ಉಪಕರಣಗಳನ್ನು, ಎಷ್ಟೇ ನಿಮಿಷ ಕಳೆದಿದ್ದರೂ, ದುರಸ್ತಿಯ ಬಳಿಕ ಮೊದಲಿನಿಂದಲೇ ಬೇಯಿಸಬೇಕು. ಹೊರಗೆ ರೋಗಿಗಳು ಕಾದಿದ್ದರೆ ಕಾಯಲಿ.