ಮಣ್ಣು ನೋಡಿ ಮಾತಾಡಿದವರು

ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು ಹಾಕಿ, ಮೇಲೆ ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಬೇಕು. ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಕಟ್ಟೆಯ ಮೇಲಿಟ್ಟರೆ, ನೋಡನೋಡುತ್ತಲೇ ಮರಳು ತಳ ಸೇರುತ್ತದೆ. ಅದರ ಮೇಲೆ ಗೋಡುಮಣ್ಣು ನಿಧಾನವಾಗಿ ಕೂರುತ್ತದೆ. ಜೇಡಿ ಮಾತ್ರ ಹಟಮಾರಿ. ಗಂಟೆಗಟ್ಟಲೆ ನೀರನ್ನು ಕೆಂಪಾಗಿಟ್ಟು, ಮಾರನೆಯ ದಿನಕ್ಕೆ ಮೇಲಿನ ಪದರವಾಗಿ ಇಳಿಯುತ್ತದೆ. ನಮ್ಮ ಕಾಲಡಿಯ ಮಣ್ಣು ಗೋಡೆಯಾಗಲು ತಕ್ಕುದೋ ಅಲ್ಲವೋ ಎಂಬುದನ್ನು ಈ ಮೂರು ಪದರಗಳೇ ಹೇಳುತ್ತವೆ.

ಮಣ್ಣಿನ ಮನೆ ಕಟ್ಟುವ ಕಾರ್ಯಾಗಾರವೊಂದರಲ್ಲಿ ನಾನು ಇದನ್ನು ಮೊದಲು ನೋಡಿದೆ. ಬಂದವರೆಲ್ಲ ತಂತಮ್ಮ ಸೈಟಿನ ಮಣ್ಣನ್ನು ಚೀಲದಲ್ಲಿ ಕಟ್ಟಿ ತಂದಿದ್ದರು. ಎಂಜಿನಿಯರು, ಮೇಸ್ತ್ರಿ, ಮನೆ ಕಟ್ಟಿಸುವ ಗಂಡಹೆಂಡತಿ ಎಲ್ಲರೂ ಬಾಟಲಿಗಳ ಸುತ್ತ ಬಗ್ಗಿ ನಿಂತಿದ್ದರು. ಅಲ್ಲಿ ನಡೆದ ಮಾತುಕತೆಯ ಬೇರು ಹುಡುಕುತ್ತ ಹೋದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ಕ್ಕೆ ತಲುಪುತ್ತೇವೆ. ವಿಜ್ಞಾನ ತಂತ್ರಜ್ಞಾನವನ್ನು ಹಳ್ಳಿಗೆ ಒದಗಿಸಬೇಕೆಂಬ ಉದ್ದೇಶದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಹೆಸರಿದು. ಕಟ್ಟಿದವರು ಅಮೂಲ್ಯ ಕುಮಾರ್ ರೆಡ್ಡಿ. ಅವರು ವಿದ್ಯುತ್ ರಸಾಯನಶಾಸ್ತ್ರಜ್ಞರು. ಆ ವಿಷಯದಲ್ಲಿ ಅವರು ವಿಜ್ಞಾನಿ ಬೊಕ್ರಿಸ್ ಜೊತೆ ಬರೆದ ಪಠ್ಯಪುಸ್ತಕ ಲೋಕವೆಲ್ಲ ಓದಿದ್ದು. ಅಂಥ ಹೆಸರು ಗಳಿಸಿದ್ದವರು ಕಟ್ಟಿಗೆ, ಸಗಣಿ, ಮಣ್ಣಿನ ಕಡೆ ತಿರುಗಿದರು.

ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ‘ಅಸ್ತ್ರ’ದ ಕೇಂದ್ರ ತೆರೆಯಿತು. ಸುತ್ತಲ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಒಲೆಗೆ ಎಷ್ಟು ಸೌದೆ, ಯಾರು ತರುತ್ತಾರೆ, ಎಷ್ಟು ದೂರ ನಡೆಯುತ್ತಾರೆ ಎಂದು ಕೇಳಿ ಬರೆದುಕೊಂಡರು. ಊರು ಬಳಸುವ ಶಕ್ತಿಯಲ್ಲಿ ಹತ್ತಕ್ಕೆ ಹತ್ತಿರ ಹತ್ತಿರ ಒಂಬತ್ತು ಪಾಲು ಸೌದೆಯದು ಎಂದು ತಿಳಿದದ್ದು ಹೀಗೆ. ಅಡುಗೆಮನೆಯ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವ, ಒಂದೇ ಉರಿಗೆ ಮೂರು ಪಾತ್ರೆ ಕೂರಿಸುವ ಅಸ್ತ್ರ ಒಲೆಯ ಹಿಂದೆಯೂ ಇದೇ ಕಾಳಜಿಯಿತ್ತು. ಹೆಂಗಸರ ಕಣ್ಣುರಿ, ಕೆಮ್ಮು ಇಂಥ ವಿಜ್ಞಾನಿಗಳ ಲೆಕ್ಕಕ್ಕೆ ಬಂದದ್ದನ್ನು ನಾನು ಸಣ್ಣ ಸಂಗತಿ ಎಂದುಕೊಳ್ಳಲಾರೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅಲ್ಲೇ ಹತ್ತಿರದ ಪುರ ಎಂಬ ಊರಿನ ಕತೆ. ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಅಡುಗೆಗೆ ಗ್ಯಾಸ್ ಕೊಡುವ ಯೋಜನೆ ಮೊದಲಿನದು. ಊರ ದನಗಳ ಸಗಣಿಯನ್ನೆಲ್ಲ ಒಟ್ಟುಮಾಡಿದರೂ ಎಲ್ಲ ಒಲೆಗೂ ಸಾಲುವಷ್ಟು ಗ್ಯಾಸ್ ಆಗಲಿಲ್ಲ. ಊರವರಿಗೆ ಅದಕ್ಕಿಂತ ಮುಂಚೆ ಬೇಕಾಗಿದ್ದದ್ದು ಕುಡಿಯುವ ನೀರು. ವಿಜ್ಞಾನಿಗಳು ಆ ಮಾತಿಗೆ ಕಿವಿಗೊಟ್ಟು ತಮ್ಮ ನಕ್ಷೆಯನ್ನೇ ಬದಲಿಸಿದರು. 1987ರಿಂದ ಅದೇ ಗ್ಯಾಸು ಎಂಜಿನ್ ಓಡಿಸಿತು, ಎಂಜಿನ್ ಕರೆಂಟ್ ಕೊಟ್ಟಿತು, ಕರೆಂಟಿನಿಂದ ಕೊಳವೆಬಾವಿಯ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ ಎರಡು ಪೈಸೆ ಸಲ್ಲುತ್ತಿತ್ತು, ಜೊತೆಗೆ ತಂದದ್ದಕ್ಕೆ ತಕ್ಕಷ್ಟು ಗೊಬ್ಬರ ಹೊಲಕ್ಕೆ ವಾಪಸ್ಸು. ಸ್ಥಾವರ ನಡೆಸಿದ್ದು ಊರಿನ ಹುಡುಗರೇ.

ಮನೆ ಕಟ್ಟುವ ವಿಷಯದಲ್ಲಿ ಇದೇ ಹಾದಿಯನ್ನು ಹಿಡಿದವರು ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಕೆ.ಎಸ್. ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ. ಮಣ್ಣಿನ ಗೋಡೆ ನಮಗೆ ಹೊಸದಲ್ಲ; ಮಳೆಗೆ ಕರಗುವುದೇ ಅದರ ಚಿಂತೆ. ಜರಡಿ ಹಿಡಿದ ಕೆಮ್ಮಣ್ಣಿಗೆ ಬೇಕಾದಷ್ಟು ಮರಳು ಕೂಡಿಸಿ, ನೂರಕ್ಕೆ ಆರೇಳು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದರೆ ನೀರಿಗೆ ಜಗ್ಗದ ಇಟ್ಟಿಗೆಯಾಗುತ್ತದೆ.

ಆ ಯಂತ್ರಕ್ಕೆ ಕರೆಂಟ್ ಬೇಡ. ಕಬ್ಬಿಣದ ಪೆಟ್ಟಿಗೆಗೆ ಎಂಟೂವರೆ ಕಿಲೋ ಆಸುಪಾಸಿನ ಹಸಿಮಣ್ಣನ್ನು ತೂಗಿ ಸುರಿಯುತ್ತಾರೆ. ಮೂಲೆಗಳನ್ನು ಬೆರಳಿನಿಂದ ಅದುಮಿ, ಮುಚ್ಚಳ ಹಾಕಿ, ಉದ್ದನೆಯ ಸನ್ನೆಗೋಲಿಗೆ ಇಬ್ಬರು ಜೋತುಬೀಳುತ್ತಾರೆ. ಮುಚ್ಚಳ ತೆಗೆದು ಕೋಲನ್ನು ಮತ್ತೆ ಎಳೆದರೆ ಇಟ್ಟಿಗೆ ಮೇಲಕ್ಕೆ ಏಳುತ್ತದೆ: ಚೂಪು ಅಂಚು, ತಣ್ಣನೆ ಮೈ, ಮೊದಲ ಮಳೆಯ ವಾಸನೆ. ಬೆರಳ ತುದಿಯಲ್ಲಿ ಹಿಡಿದರೆ ಮೂಲೆ ಮುರಿಯುತ್ತದೆ. ಎರಡೂ ಅಂಗೈ ಚಾಚಿ, ಹಸುಗೂಸನ್ನು ಎತ್ತಿಕೊಂಡಂತೆ ಒಯ್ದು ಸಾಲಾಗಿ ಪೇರಿಸಬೇಕು. ಆಮೇಲೆ ಹುಲ್ಲೋ ಗೋಣಿಯೋ ಹೊದಿಸಿ ಮೂರು ನಾಲ್ಕು ವಾರ ನೀರು ಚಿಮುಕಿಸಬೇಕು. ಒಲೆಯೂ ಇಲ್ಲ, ಗೂಡೂ ಇಲ್ಲ. ಸುಟ್ಟ ಇಟ್ಟಿಗೆಯ ಗೋಡೆಗೆ ತಗಲುವ ಶಕ್ತಿಯ ಮೂರನೇ ಒಂದು ಪಾಲಷ್ಟರಲ್ಲಿ ಈ ಗೋಡೆ ಏಳುತ್ತದೆ ಎಂದು ಜಗದೀಶ್ ಮತ್ತು ವೆಂಕಟರಾಮ ರೆಡ್ಡಿ ಅವರ ಲೆಕ್ಕ ತೋರಿಸಿದೆ.

ಎಲ್ಲ ಮಣ್ಣೂ ಇದಕ್ಕೆ ಒಗ್ಗುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದಕ್ಕೆ ಸುಣ್ಣದ ನೆರವು ಬೇಕು. ಹೊಲದ ಮೇಲ್ಮಣ್ಣು ಕೂಡದು, ಅದರಲ್ಲಿ ಬೇರು, ಗೊಬ್ಬರ ಇರುತ್ತದೆ, ಅದು ಬೆಳೆಯ ಸೊತ್ತು. ಬೆಂಗಳೂರಿನ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಅವರಂಥವರು ಪಾಯಕ್ಕೋ ನೆಲಮಾಳಿಗೆಗೋ ಅಗೆದ ಮಣ್ಣನ್ನೇ ಗೋಡೆಗೆ ಬಳಸುತ್ತಾರೆ. ಅಗೆದದ್ದನ್ನು ಲಾರಿಯಲ್ಲಿ ಕೆರೆಯಂಗಳಕ್ಕೆ ಸುರಿಯುವ ನಗರದಲ್ಲಿ ಇದು ದೊಡ್ಡ ಉಪಕಾರ.

ಇಷ್ಟೆಲ್ಲ ಇದ್ದೂ ಮಣ್ಣಿನ ಮನೆಯೆಂದರೆ ಬಡವರ ಮನೆ ಎಂಬ ಭಾವನೆ ಹೋಗಿಲ್ಲ. ಅದನ್ನು ಅಳಿಸುವುದು ಭಾಷಣದಿಂದ ಆಗದ ಕೆಲಸ. ಕಟ್ಟುವವರ ಎದುರು ಕೂತು ಮಾತಾಡಬೇಕು. ಆ ಕಾರ್ಯಾಗಾರದಲ್ಲಿ ವಯಸ್ಸಾದ ಹೆಂಗಸೊಬ್ಬರು ಎದ್ದು, “ಸಾರ್, ಈ ಗೋಡೆಗೆ ಮೊಳೆ ಹೊಡೀಬೋದಾ? ಗೆದ್ದಲು ಹತ್ತಲ್ವಾ?” ಎಂದು ಕೇಳಿದರು. ಪಾಠ ಹೇಳುತ್ತಿದ್ದ ಎಂಜಿನಿಯರು ಉತ್ತರ ಕೊಡುವ ಬದಲು ವರ್ಷದ ಹಿಂದೆ ಕಟ್ಟಿದ ಗೋಡೆಯ ಹತ್ತಿರ ಅವರನ್ನು ಕರೆದೊಯ್ದು ಕೈಗೆ ಸುತ್ತಿಗೆ ಕೊಟ್ಟರು. ಆಕೆ ಎರಡು ಮೊಳೆ ಹೊಡೆದು, ಜಗ್ಗಿ ನೋಡಿ, “ಗೆದ್ದಲಿನ ವಿಷಯ ಹೇಳಲೇ ಇಲ್ಲ” ಎಂದರು. ಪಾಯದಲ್ಲಿ ಏನು ಮಾಡಬೇಕು, ಮರದ ಚೌಕಟ್ಟನ್ನು ಹೇಗೆ ಕಾಯಬೇಕು ಎಂಬ ಮಾತು ಅಲ್ಲಿಂದ ಶುರುವಾಗಿ ಊಟದ ಹೊತ್ತು ಮೀರಿತು.

ಮಾರನೆಯ ಬೆಳಿಗ್ಗೆ ಬಾಟಲಿಗಳ ನೀರು ತಿಳಿಯಾಗಿತ್ತು. ಆಕೆ ತಂದ ಮಣ್ಣಿನಲ್ಲಿ ಜೇಡಿಯ ಪದರ ದಪ್ಪ. ಎಂಜಿನಿಯರು ಸ್ಕೇಲಿಟ್ಟು ಅಳೆದು, ಎರಡು ಬಾಣಲಿ ಮಣ್ಣಿಗೆ ಒಂದು ಬಾಣಲಿ ಮರಳು ಕೂಡಿಸಿ ಮತ್ತೊಮ್ಮೆ ನೋಡೋಣ ಎಂದರು. ಮೇಸ್ತ್ರಿ ಆಗಲೇ ಜರಡಿ ಹುಡುಕುತ್ತಿದ್ದ.